ಗಡಿನಾಡ ಮಕ್ಕಳ ಲೆಕ್ಕ ತಪ್ಪುವುದೆಲ್ಲಿ?

ಹೋದ ಬೇಸಿಗೆ ರಜೆಗೆ ನನ್ನ ಮಗಳ ಮಗಳು ಊರಿಗೆ ಬಂದಿದ್ದಳು. ಎರಡನೇ ತರಗತಿ ಮುಗಿಸಿ ಮೂರಕ್ಕೆ ಹೋಗುವ ಹುಡುಗಿ. ಪೇಟೆಯ ಇಂಗ್ಲಿಷ್ ಶಾಲೆ. ಬಂದ ದಿನವೇ ನನ್ನ ಮುಂದೆ ಕೈಕಟ್ಟಿ ನಿಂತು ಒಂದರಿಂದ ನೂರರವರೆಗೆ ಇಂಗ್ಲಿಷಿನಲ್ಲಿ ಉಸಿರು ಬಿಡದೆ ಒಪ್ಪಿಸಿದಳು. ಮನೆಮಂದಿಗೆಲ್ಲ ಖುಷಿ. ನನಗೂ ಖುಷಿಯೇ.

ಅಂಗಳದಲ್ಲಿ ಹೆಂಗಸರು ಹುಣಿಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ನಾನು ಸುಮ್ಮನಿರಲಾರದೆ, "ಹದಿನಾರು ಬೀಜ ಎಣಿಸಿ ತಾರಮ್ಮ" ಅಂದೆ. ತಪ್ಪಿಲ್ಲದೆ ಎಣಿಸಿ ತಂದಳು. ಸ್ಲೇಟಿನ ಮೇಲೆ 16 ಎಂದು ಬರೆಯಲು ಹೇಳಿದೆ. ಬರೆದಳು. ಆರರ ಮೇಲೆ ಬೆರಳಿಟ್ಟು "ಇದು ಯಾವ ಬೀಜ ತೋರಿಸು" ಅಂದೆ. ಆರು ಬೀಜ ಬೇರೆ ಮಾಡಿದಳು. ಒಂದರ ಮೇಲೆ ಬೆರಳಿಟ್ಟು "ಇದು?" ಅಂದೆ. ಒಂದು ಬೀಜ ಎತ್ತಿ ತೋರಿಸಿದಳು.

"ಹಂಗಾದ್ರೆ ಉಳಿದ ಒಂಬತ್ತು ಬೀಜ ಯಾರವು?"

ಹುಡುಗಿ ಒಂದು ಗಳಿಗೆ ನೋಡಿ, "ಅವು ಸುಮ್ನೆ ಅವೆ ತಾತ" ಅಂದಳು.

ಆಮೇಲೆ ಎರಡು ದಿನ ನಾನು ಇದೇ ಕೆಲಸ ಹಿಡಿದೆ. "ನೂರ ಐದು ಬರಿ" ಅಂದರೆ 1005 ಎಂದು ಬರೆದಳು. 98 ಮತ್ತು 102 ಬರೆದು ಯಾವುದು ದೊಡ್ಡದು ಅಂದರೆ 98 ಅಂದಳು. ಯಾಕೆಂದರೆ "ಒಂಬತ್ತು ದೊಡ್ಡದು, ಒಂದು ಚಿಕ್ಕದು". ಇವಳೊಬ್ಬಳೇ ಹೀಗೋ ಎಂದು ಬೀದಿಯ ನಾಲ್ಕಾರು ಮಕ್ಕಳನ್ನು ಕೂರಿಸಿ ಕೇಳಿದೆ. ಅವರಲ್ಲಿ ಕನ್ನಡ ಶಾಲೆಯವರಿದ್ದರು, ತೆಲುಗು ಶಾಲೆಯವರಿದ್ದರು. ತಪ್ಪು ಬಹುಪಾಲು ಒಂದೇ. ಅಂಕಿ ಬರೆಯಲು ಬರುತ್ತದೆ, ಓದಲು ಬರುತ್ತದೆ. ಆದರೆ ಅಂಕಿ ಕೂತ ಜಾಗಕ್ಕೆ ಬೆಲೆಯುಂಟು ಎಂಬ ಮಾತು ತಲೆಗೆ ಇಳಿದಿಲ್ಲ. ಶಾಲೆಯವರು ಇದನ್ನೇ ಸ್ಥಾನಬೆಲೆ ಎನ್ನುತ್ತಾರೆ. ಮಗ್ಗಿ, ಕೂಡುವುದು, ಕಳೆಯುವುದು, ಬಡ್ಡಿಲೆಕ್ಕ ಎಲ್ಲಕ್ಕೂ ಅಡಿಪಾಯ ಇದೇ. ಅಡಿಪಾಯ ಹುಸಿಯಾದರೆ ಮೇಲಿನ ಗೋಡೆ ಎಷ್ಟು ದಿನ ನಿಂತೀತು?

ನಾನು ಮೇಷ್ಟ್ರಲ್ಲ. ಮಡಕಶಿರಾ ಸೀಮೆಯ ರೈತ. ಗಡಿ ದಾಟಿ ಪಾವಗಡ ಕಡೆ ಓದಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಎರಡು ಭಾಷೆಯಲ್ಲೂ ನಾಲ್ಕು ಪದ್ಯ ಕಟ್ಟುವ ಚಟ ಉಂಟು. ಆದರೂ ಈ ವಿಷಯದಲ್ಲಿ ಬಾಯಿ ಹಾಕಲು ನನಗೊಂದು ಕಾರಣವಿದೆ.

ಅಪ್ಪನ ಬೆಣಚುಕಲ್ಲು

ನಾನು ಎಸ್ಸೆಸ್ಸೆಲ್ಸಿ ಪಾಸಾದ ವರ್ಷ, ಕಡಲೆಕಾಯಿ ಸುಗ್ಗಿ ಮುಗಿದ ಮೇಲೆ, ಅಪ್ಪನ ಜೊತೆ ಪೇಟೆಯ ಒಂದು ಮಂಡಿಗೆ ಹೋಗಿದ್ದೆ. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ, ಹೆಬ್ಬೆಟ್ಟು. ಮಗ ಓದಿದವನು, ಚೀಟಿ ನೋಡಿಕೊಳ್ಳುತ್ತಾನೆಂದು ಕರೆದುಕೊಂಡು ಹೋಗಿದ್ದರು. ತಕ್ಕಡಿಯಲ್ಲಿ ಇಪ್ಪತ್ತು ಕೆಜಿ ಕಲ್ಲಿಟ್ಟು ಹತ್ತೊಂಬತ್ತು ಸಲ ತೂಗಿದರು. ಹಮಾಲಿ ತೆಲುಗಿನಲ್ಲಿ ಕೂಗುತ್ತಿದ್ದ, ಗುಮಾಸ್ತ ಬರೆಯುತ್ತಿದ್ದ. ಅಪ್ಪ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಒಂದೊಂದು ತೂಕಕ್ಕೆ ಎರಡೆರಡು ಸಣ್ಣ ಬೆಣಚುಕಲ್ಲು ನೆಲದ ಮೇಲಿಡುತ್ತಿದ್ದರು. ಅಂದರೆ ಹತ್ತು ಕೆಜಿಗೆ ಒಂದು ಸಣ್ಣ ಕಲ್ಲು. ಸಣ್ಣವು ಹತ್ತಾದ ಕೂಡಲೇ ಅವನ್ನು ಬಾಚಿ ಜೇಬಿಗೆ ಹಾಕಿಕೊಂಡು, ಆ ಜಾಗದಿಂದ ದೂರಕ್ಕೆ ಎಡಗಡೆ ಒಂದು ದೊಡ್ಡ ಕಲ್ಲು ಇಡುತ್ತಿದ್ದರು.

ಕೊನೆಗೆ ಚೀಟಿ ಕೈಗೆ ಬಂತು. ನಾನು ಗತ್ತಿನಿಂದ ಓದಿದೆ: "ಮುನ್ನೂರ ಎಂಟು ಕೆಜಿ."

ಅಪ್ಪ ನೆಲ ನೋಡಿದರು. ಮೂರು ದೊಡ್ಡ ಕಲ್ಲು, ಎಂಟು ಸಣ್ಣ ಕಲ್ಲು. "ಮೂರೂ ಸರಿ, ಎಂಟೂ ಸರಿ. ಆದ್ರೆ ಎಂಟು ಹತ್ತೋ, ಎಂಟು ಬಿಡಿಯೋ ಕೇಳಪ್ಪ. ನನ್ನ ಕಲ್ಲು ಎಂಟು ಹತ್ತು ಅಂತೈತೆ" ಅಂದರು.

ಗುಮಾಸ್ತ ಲೆಕ್ಕದ ಪುಸ್ತಕ ತಿರುವಿ ನೋಡಿದ. 380 ಆಗಬೇಕಾದದ್ದು 308 ಆಗಿತ್ತು. ಮೋಸವೋ ಕೈತಪ್ಪೋ ನಾನು ಹೇಳಲಾರೆ. ಎನಭೈ ಎಂದು ಕೂಗಿದ್ದು ಎನಿಮಿದಿ ಎಂದು ಕೇಳಿಸಿರಲೂಬಹುದು. ಸಾಹುಕಾರರು ಮರುಮಾತಿಲ್ಲದೆ ತಿದ್ದಿಸಿದರು. ಆದರೆ ಒಂದು ಸೊನ್ನೆ ಜಾಗ ಬದಲಾಯಿಸಿದ್ದಕ್ಕೆ ನಮ್ಮ 72 ಕೆಜಿ ಕಾಯಿ ಹೋಗುತ್ತಿತ್ತು. ಹತ್ತು ವರ್ಷ ಶಾಲೆಗೆ ಹೋಗಿದ್ದ ನಾನು ಚೀಟಿಯಲ್ಲಿದ್ದದ್ದನ್ನು ಓದಿದೆ. ಒಂದು ದಿನವೂ ಹೋಗದಿದ್ದ ಅಪ್ಪ ನೆಲದ ಮೇಲಿದ್ದ ಲೆಕ್ಕವನ್ನು ಓದಿದರು.

ಆ ಕಲ್ಲುಗಳೇ ಸ್ಥಾನಬೆಲೆ. ಸಣ್ಣ ಕಲ್ಲು ಹತ್ತು ಸೇರಿದರೆ ದೊಡ್ಡದೊಂದು, ಅದರ ಜಾಗ ಎಡಕ್ಕೆ. ಇಷ್ಟೇ ಪಾಠ. ಮೊಮ್ಮಗಳ 1005 ನೋಡಿದಾಗ ನನಗೆ ನೆನಪಾದದ್ದು ಆ ಮಂಡಿ ಮತ್ತು ಆ ಚೀಟಿ.

ನಮ್ಮ ಮಾತಿನಲ್ಲೇ ಲೆಕ್ಕವಿದೆ

ಪದ್ಯ ಬರೆಯುವವನಾದ್ದರಿಂದ ಪದಗಳನ್ನು ಬಿಡಿಸಿ ನೋಡುವ ಅಭ್ಯಾಸ ನನಗಿದೆ. ಹಳೆಗನ್ನಡದಲ್ಲಿ ಹತ್ತಕ್ಕೆ ಪತ್ತು ಎನ್ನುತ್ತಿದ್ದರು. ಇಪ್ಪತ್ತು ಎಂದರೆ ಎರಡು ಪತ್ತು. ಮೂವತ್ತು ಎಂದರೆ ಮೂರು ಪತ್ತು. ನಲವತ್ತು, ಐವತ್ತು, ಅರವತ್ತು ಎಲ್ಲವೂ ಹಾಗೆಯೇ. ತೆಲುಗು ನೋಡಿ. ಇವತ್ತು ಇರವೈ, ಮುಪ್ಫೈ, ಅರವೈ ಅನ್ನುತ್ತಾರೆ. ಗ್ರಂಥದ ತೆಲುಗಿನಲ್ಲಿ ಇವು ಇರುವದಿ, ಮುಪ್ಪದಿ, ಅರುವದಿ. ಅಲ್ಲಿಯೂ ಎರಡು ಪದಿ, ಮೂರು ಪದಿ, ಆರು ಪದಿ. ಅಕ್ಕತಂಗಿ ಭಾಷೆಗಳಲ್ಲವೇ, ಲೆಕ್ಕದ ಜಾಡು ಒಂದೇ.

ಇನ್ನೊಂದು ಅನುಕೂಲವಿದೆ. ನಲವತ್ತೇಳು ಎನ್ನುವಾಗ ಮೊದಲು ನಾಲ್ಕು ಹತ್ತು, ಆಮೇಲೆ ಏಳು. ಬರೆಯುವಾಗಲೂ ಮೊದಲು 4, ಆಮೇಲೆ 7. ಬಾಯಿ ಹೇಳಿದ ಕ್ರಮದಲ್ಲಿಯೇ ಕೈ ಬರೆಯುತ್ತದೆ. ತೆಲುಗಿನ ನಲಭೈ ಏಡೂ ಅಷ್ಟೇ. ಇಂಗ್ಲಿಷಿನಲ್ಲಿ ಹದಿಮೂರರಿಂದ ಹತ್ತೊಂಬತ್ತರವರೆಗೆ ಇದು ತಿರುಗುಮುರುಗು. ತರ್ಟೀನ್ ಅಂದರೆ ಮೂರು ಮೊದಲು, ಹತ್ತು ಆಮೇಲೆ. ಕೇಳಿದಂತೆ ಬರೆಯುವ ಮಗು 31 ಎಂದು ಬರೆದರೆ ತಪ್ಪು ಮಗುವಿನದಲ್ಲ. ಅದರ ಮೇಲೆ ತರ್ಟೀನ್, ತರ್ಟಿ, ಫಿಫ್ಟೀನ್, ಫಿಫ್ಟಿ. ಕಿವಿಗೆ ಎರಡೂ ಒಂದೇ ಥರ. ಹಿಂದಿಯಲ್ಲಿ ಇಪ್ಪತ್ತೊಂಬತ್ತಕ್ಕೆ ಉನ್ತೀಸ್, ಅಂದರೆ ಮೂವತ್ತಕ್ಕೆ ಒಂದು ಕಮ್ಮಿ. ನಮ್ಮಲ್ಲಿ ಇಪ್ಪತ್ತರ ಮುಂದೆ ಒಂಬತ್ತು, ಮುಗಿಯಿತು.

ಎಲ್ಲಕ್ಕಿಂತ ನನಗೆ ಹಿಡಿಸುವುದು ನಮ್ಮ ಶಾಲೆಗಳ ಬಿಡಿ ಎಂಬ ಮಾತು. ಬಿಡಿ, ಹತ್ತು, ನೂರು. ತೆಲುಗಿನವರು ಒಕಟ್ಲು, ಪದುಲು, ವಂದಲು ಎನ್ನುತ್ತಾರೆ. ಇಂಗ್ಲಿಷಿನವರು ಒನ್ಸ್, ಟೆನ್ಸ್, ಹಂಡ್ರೆಡ್ಸ್. ಬಿಡಿ ಎಂಬ ಮಾತಿನಲ್ಲಿ ಪಾಠವೇ ಅಡಗಿದೆ. ಬಿಡಿ ಹೂವು ಬೇರೆ, ಕಟ್ಟಿದ ಹೂವು ಬೇರೆ ಎಂದು ಸಂತೆಗೆ ಹೋದ ಹುಡುಗಿಗೆಲ್ಲ ಗೊತ್ತು. ಕಟ್ಟಿಗೆ ಸೇರದೆ ಉಳಿದದ್ದು ಬಿಡಿ.

ಹಾಗೆಂದು ನಮ್ಮ ಭಾಷೆಯಲ್ಲಿ ತೊಡಕೇ ಇಲ್ಲವೆಂದಲ್ಲ. ಒಂಬತ್ತು, ತೊಂಬತ್ತು ಮಕ್ಕಳ ಕಿವಿಗೆ ಒಂದೇ ಆಗಿಬಿಡುತ್ತವೆ. ನೂರ ಐದು ಎನ್ನುವಾಗ ನಡುವಿನ ಸೊನ್ನೆಯನ್ನು ನಾವು ಬಾಯಲ್ಲಿ ಹೇಳುವುದೇ ಇಲ್ಲ. ಅದಕ್ಕೇ ಮಗು ಮೊದಲು ನೂರು, ಅಂದರೆ 100, ಬರೆದು ಪಕ್ಕಕ್ಕೆ 5 ಅಂಟಿಸುತ್ತದೆ. ಮಗು ದಡ್ಡತನ ಮಾಡಲಿಲ್ಲ, ಕೇಳಿಸಿದ್ದನ್ನು ಪ್ರಾಮಾಣಿಕವಾಗಿ ಬರೆಯಿತು. ಅದಕ್ಕೆ ಬೆತ್ತ ತೋರಿಸಿ ಪ್ರಯೋಜನವಿಲ್ಲ. ಹೇಳದೆ ಬಿಟ್ಟ ಸೊನ್ನೆ ಎಲ್ಲಿ ಕೂರುತ್ತದೆಂದು ತೋರಿಸಬೇಕು.

ಈ ವಿದ್ಯೆ ನಮಗೆ ಹೊರಗಿನಿಂದ ಬಂದದ್ದಲ್ಲ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ತಮ್ಮ ಗಣಿತಸಾರಸಂಗ್ರಹದಲ್ಲಿ ಏಕ, ದಶ, ಶತ ಎಂದು ಆರಂಭಿಸಿ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಸಂಸ್ಕೃತದ ಆ ಪುಸ್ತಕವನ್ನು ಹನ್ನೊಂದನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ತೆಲುಗು ಪದ್ಯಕ್ಕೆ ತಂದ. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿ ವ್ಯವಹಾರಗಣಿತ ಬರೆದ. ಕನ್ನಡ ದೊರೆಯ ಕಾಲದ ಲೆಕ್ಕ ತೆಲುಗು ಕವಿಯ ಕೈಗೆ ಹೋದ ನಾಡು ನಮ್ಮದು. ಅಂಥ ನಾಡಿನ ಮಕ್ಕಳು ನೂರ ಐದು ಬರೆಯಲು ತಡವರಿಸಿದರೆ ನಾಚಿಕೆ ನಮಗಾಗಬೇಕು, ಅವರಿಗಲ್ಲ.

ಸೊನ್ನೆ ಎಂದರೆ ಸೀಟಿಗೆ ಹಾಕಿದ ಟವೆಲ್ಲು

ಹಾಗಾದರೆ ಮಾಡುವುದೇನು? ಆ ರಜೆಯಲ್ಲಿ ನಾನು ಮೊಮ್ಮಗಳ ಜೊತೆ ಮಾಡಿದ್ದನ್ನು ಹೇಳುತ್ತೇನೆ. ದುಡ್ಡಿನ ಖರ್ಚಿಲ್ಲ. ಬೇಕಾದದ್ದು ಹುಣಿಸೆಬೀಜ, ಖಾಲಿ ಬೆಂಕಿಪೊಟ್ಟಣ, ಒಂದು ಸೀಮೆಸುಣ್ಣ, ಹಳೆಯ ಮದುವೆ ಪತ್ರಿಕೆ.

ಮೊದಲ ವಾರ ಬರವಣಿಗೆಯೇ ಇಲ್ಲ. ಬೀಜ ಎಣಿಸಿ ಪೊಟ್ಟಣಕ್ಕೆ ಹಾಕುವುದು. ಒಂದು ಪೊಟ್ಟಣಕ್ಕೆ ಹತ್ತೇ ಬೀಜ, ಒಂಬತ್ತೂ ಅಲ್ಲ ಹನ್ನೊಂದೂ ಅಲ್ಲ. ಮಗುವೇ ತುಂಬಬೇಕು, ನಾವು ತುಂಬಿ ಕೊಡಬಾರದು. ತಾನೇ ತುಂಬಿದ ಪೊಟ್ಟಣದೊಳಗೆ ಹತ್ತಿದೆ ಎಂದು ಅದಕ್ಕೆ ನಂಬಿಕೆ ಬರುತ್ತದೆ. ಇಪ್ಪತ್ತಮೂರು ಕೊಡು ಅಂದರೆ ಎರಡು ಪೊಟ್ಟಣ, ಮೂರು ಬಿಡಿ. ಅದಕ್ಕೆ ಇನ್ನು ಏಳು ಸೇರಿಸು ಅಂದರೆ ಬಿಡಿ ಹತ್ತಾಗಿ ಮೂರನೇ ಪೊಟ್ಟಣ ತುಂಬುತ್ತದೆ. ಇಪ್ಪತ್ತಮೂರರಲ್ಲಿ ಐದು ವಾಪಸು ಕೊಡು ಅಂದರೆ ಒಂದು ಪೊಟ್ಟಣ ಒಡೆಯಬೇಕಾಗುತ್ತದೆ. ಮುಂದೆ ಶಾಲೆಯಲ್ಲಿ ಪಕ್ಕದ ಮನೆಯಿಂದ ಸಾಲ ತರುವುದು ಎಂದು ಹೇಳುವ ಲೆಕ್ಕ ಇದೇ. ಪೊಟ್ಟಣ ಒಡೆದು ಅಭ್ಯಾಸವಾದ ಮಗುವಿಗೆ ಆ ಸಾಲದ ಭಯವಿರುವುದಿಲ್ಲ. ಹತ್ತು ಪೊಟ್ಟಣ ತುಂಬಿದರೆ ಒಂದು ಚೀಲ, ಅದೇ ನೂರು.

ಎರಡನೇ ವಾರ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೂರು ಮನೆ. ಬಲಗಡೆ ಬಿಡಿ, ನಡುವೆ ಹತ್ತು, ಎಡಗಡೆ ನೂರು. ಮನೆಯೊಳಗೆ ಬೀಜ, ಪೊಟ್ಟಣ, ಚೀಲ ಇಡುವುದು. ಆಮೇಲೆ ಪ್ರತಿ ಮನೆಯ ಕೆಳಗೆ ಎಷ್ಟಿವೆ ಎಂದು ಅಂಕಿ ಬರೆಯುವುದು. ನೂರ ಐದು ಬಂದಾಗ ನಡುವಿನ ಮನೆ ಖಾಲಿ. "ಇಲ್ಲೇನು ಬರೀಲಿ ತಾತ?" ಎಂದು ಅವಳೇ ಕೇಳಿದಳು. ಏನೂ ಬರೆಯದಿದ್ದರೆ 15 ಆಗಿಹೋಗುತ್ತದೆ, ಅದು ಹದಿನೈದು ಎಂದು ಓದಿ ತೋರಿಸಿದೆ.

ನಮ್ಮ ಕಡೆ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದನ್ನು ಅವಳು ನೋಡಿದ್ದಾಳೆ. "ಸೊನ್ನೆ ಅಂದರೆ ಸೀಟಿಗೆ ಹಾಕಿದ ಟವೆಲ್ಲು. ಅಲ್ಲಿ ಯಾರೂ ಕೂತಿಲ್ಲ, ಆದರೆ ಬೇರೆಯವರೂ ಜರುಗಿ ಬಂದು ಕೂರುವ ಹಾಗಿಲ್ಲ" ಅಂದೆ. ನಕ್ಕುಬಿಟ್ಟಳು. ಆಮೇಲೆ ಸೊನ್ನೆ ತಪ್ಪಿದ್ದು ಕಮ್ಮಿ. ತಪ್ಪಿದರೂ "ಟವೆಲ್ ಎಲ್ಲಮ್ಮ?" ಅಂದರೆ ಸಾಕು, ತಾನೇ ತಿದ್ದಿಕೊಳ್ಳುತ್ತಿದ್ದಳು.

ಮೂರನೆಯದು ಮದುವೆ ಪತ್ರಿಕೆಯ ಹಿಂಬದಿ ಕತ್ತರಿಸಿ ಮಾಡಿದ ಪಟ್ಟಿಗಳು. ಉದ್ದ ಪಟ್ಟಿಯ ಮೇಲೆ 300, ನಡುವಿನ ಅಳತೆಯದರ ಮೇಲೆ 40, ಚಿಕ್ಕದರ ಮೇಲೆ 2. ಮೂರನ್ನೂ ಬಲಗಡೆ ಅಂಚು ಕೂಡಿಸಿ ಒಂದರ ಮೇಲೊಂದು ಇಟ್ಟರೆ 342. ಎತ್ತಿ ನೋಡಿದರೆ ಮೂರರ ಹಿಂದೆ ಎರಡು ಸೊನ್ನೆ ಅಡಗಿ ಕೂತಿರುತ್ತವೆ, ನಾಲ್ಕರ ಹಿಂದೆ ಒಂದು. ಮುನ್ನೂರ ನಲವತ್ತೆರಡನ್ನು 300402 ಎಂದು ಬರೆಯುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಮದ್ದು ನಾನು ಕಾಣೆ.

ನೋಟು, ನಾಣ್ಯ ಬರಬೇಕಾದದ್ದು ಇದೆಲ್ಲ ಆದ ಮೇಲೆ. ವ್ಯಾಪಾರಿಗಳ ಮಕ್ಕಳಿಗೆ ನೋಟು ಬೇಗ ಪರಿಚಯವಾಗುತ್ತದೆ, ನಿಜ. ಆದರೆ ಹತ್ತರ ನೋಟಿನ ಹೊಟ್ಟೆಯೊಳಗೆ ಹತ್ತು ನಾಣ್ಯ ಕಾಣುವುದಿಲ್ಲ. ಪೊಟ್ಟಣದೊಳಗೆ ಹತ್ತು ಬೀಜ ಕಾಣುತ್ತವೆ. ಕಂಡದ್ದು ಮೊದಲು, ನಂಬುವುದು ಆಮೇಲೆ. ನೋಟಿನಲ್ಲಿಯೂ ಒಂದು, ಹತ್ತು, ನೂರು ಇಷ್ಟೇ ಸಾಕು. ಇಪ್ಪತ್ತು, ಐವತ್ತು, ಇನ್ನೂರು ತಂದು ಮೊದಲೇ ಗೊಂದಲ ಮಾಡಬಾರದು.

ಯಾವುದು ದೊಡ್ಡದು, ಎಷ್ಟು ದೊಡ್ಡದು

ಹೋಲಿಸುವ ಲೆಕ್ಕದಲ್ಲಿ ಶಾಲೆಗಳು ಮೊಸಳೆ ಬಾಯಿ ಹೇಳಿಕೊಡುತ್ತವೆ. ಮೊಸಳೆ ದೊಡ್ಡ ಸಂಖ್ಯೆಯ ಕಡೆ ಬಾಯಿ ತೆರೆಯುತ್ತದೆ ಅಂತ. ಚಿಹ್ನೆ ಯಾವ ಕಡೆ ಹಾಕಬೇಕೆಂದು ನೆನಪಿಡಲು ಅದು ಸರಿ. ಆದರೆ ಯಾವುದು ದೊಡ್ಡದೆಂದು ಮೊಸಳೆಗೆ ಹೇಳಿಕೊಡುವವರು ಯಾರು? ಎಡಗಡೆ ಅಂಕಿ ನೋಡು ಎಂದು ಸೂತ್ರ ಕೊಟ್ಟರೆ ಮಗು 98 ಮತ್ತು 102ರಲ್ಲಿ 98ನ್ನೇ ಹಿಡಿಯುತ್ತದೆ. ಸೂತ್ರ ಪಾಲಿಸಿತು, ಲೆಕ್ಕ ತಪ್ಪಿತು.

ಪೊಟ್ಟಣಗಳನ್ನು ಎದುರುಬದುರು ಇಟ್ಟು ನೋಡಿದರೆ ಸೂತ್ರ ಬೇಕಿಲ್ಲ. ಒಂದು ಕಡೆ ಒಂಬತ್ತು ಪೊಟ್ಟಣ, ಎಂಟು ಬಿಡಿ. ಇನ್ನೊಂದು ಕಡೆ ಒಂದು ತುಂಬು ಚೀಲ, ಎರಡು ಬಿಡಿ. ಚೀಲ ಕಟ್ಟಲು ಹತ್ತು ಪೊಟ್ಟಣ ಬೇಕಲ್ಲ, ಈ ಕಡೆ ಇನ್ನೂ ಆಗಿಲ್ಲ ಎಂದು ಮಗುವೇ ಹೇಳುತ್ತದೆ. ಆಗ ಕ್ರಮ ತಾನಾಗಿ ಬರುತ್ತದೆ: ಮೊದಲು ಎಷ್ಟು ಮನೆಯ ಸಂಖ್ಯೆ ನೋಡು. ಮನೆ ಸಮವಾದರೆ ಎಡಗಡೆಯ ದೊಡ್ಡ ಮನೆ ನೋಡು. ಅದೂ ಸಮವಾದರೆ ಪಕ್ಕದ ಮನೆ. 405, 450 ಎರಡಕ್ಕೂ ನೂರು ನಾಲ್ಕೇ. ಹತ್ತರ ಮನೆಯಲ್ಲಿ ಒಂದು ಕಡೆ ಟವೆಲ್ಲು, ಒಂದು ಕಡೆ ಐದು. ತೀರ್ಮಾನ ಅಲ್ಲೇ ಆಯಿತು, ಬಿಡಿ ನೋಡುವ ಅಗತ್ಯವಿಲ್ಲ.

ಅಲ್ಲಿಗೇ ಬಿಡಬಾರದು. ಎಷ್ಟು ದೊಡ್ಡದು ಎಂದೂ ಕೇಳಬೇಕು. ರೇಷ್ಮೆಗೂಡು ಮಾರುವ ರೈತ ಓದುಗರಿಗೆ ಇದು ಗೊತ್ತು. ಕೆಜಿಗೆ 405 ಕೂಗಿದವನೂ 450 ಕೂಗಿದವನೂ ಹೇಳಿದ ಅಂಕಿಗಳು ಅವೇ ಮೂರು. ಅರವತ್ತು ಕೆಜಿ ಗೂಡಿಗೆ ವ್ಯತ್ಯಾಸ 2,700 ರೂಪಾಯಿ. ಈಗಂತೂ ದುಡ್ಡು ಫೋನಿನಲ್ಲಿ ಹೋಗುವ ಕಾಲ. ಐನೂರು ಕಳಿಸುವಲ್ಲಿ ಬೆರಳು ಇನ್ನೊಂದು ಸೊನ್ನೆ ಒತ್ತಿದರೆ ಐದು ಸಾವಿರ. ಫೋನು ಲೆಕ್ಕ ಮಾಡುತ್ತದೆ, ಮಕ್ಕಳಿಗೇಕೆ ಕಷ್ಟ ಎನ್ನುವವರಿದ್ದಾರೆ. ಫೋನು ನೀವು ಒತ್ತಿದ್ದನ್ನು ಲೆಕ್ಕ ಮಾಡುತ್ತದೆ, ಒತ್ತಿದ್ದು ಸರಿಯೇ ಎಂದು ನೋಡಬೇಕಾದವರು ನಾವು.

ದೊಡ್ಡವರಾದ ನಮಗೂ ಈ ಪಾಠ ಬೇಕು. ಗಡಿಯ ಎರಡೂ ಕಡೆ ಜಮೀನು ನೋಡುವ ನಮ್ಮಲ್ಲಿ ಎಷ್ಟು ಜನ ಎಡವಿದ್ದೇವೆ! ಆಂಧ್ರದ ಪಾಸ್ ಬುಕ್ಕಿನಲ್ಲಿ 100 ಸೆಂಟಿಗೆ ಎಕರೆ. ಕರ್ನಾಟಕದ ಪಹಣಿಯಲ್ಲಿ 40 ಗುಂಟೆಗೆ ಎಕರೆ. ಅಲ್ಲಿ 2 ಎಕರೆ 20 ಗುಂಟೆ, ಇಲ್ಲಿ 2.50 ಎಕರೆ. ಇಪ್ಪತ್ತು, ಐವತ್ತು ನೋಡಿ ಇದೇ ದೊಡ್ಡದು ಅನ್ನುವವರುಂಟು, ಎರಡೂ ಒಂದೇ ಅಳತೆ. 2.5 ಎಂದು ಬರೆದದ್ದನ್ನು ಎರಡು ಎಕರೆ ಐದು ಸೆಂಟು ಎಂದು ಓದಿದವರನ್ನೂ ನಾನು ನೋಡಿದ್ದೇನೆ. ಅದು 2.05 ಆದರೆ ಮಾತ್ರ ಐದು ಸೆಂಟು. ಕಟ್ಟಿನಲ್ಲಿ ಎಷ್ಟಿದೆ ಎಂದು ಕೇಳದೆ ಕಟ್ಟುಗಳನ್ನು ಹೋಲಿಸಬಾರದು. ಇದನ್ನು ಏಳು ವರ್ಷಕ್ಕೆ ಕಲಿತರೆ ಬೀಜ ಹೋಗುತ್ತದೆ, ಐವತ್ತಕ್ಕೆ ಕಲಿತರೆ ಜಮೀನು ಹೋಗುತ್ತದೆ.

ಭಾಷೆಯ ಮಾತು

ಇಂಗ್ಲಿಷ್ ಬೇಡವೆನ್ನುವ ಹಟ ನನಗಿಲ್ಲ. ನನ್ನ ಮೊಮ್ಮಗಳೇ ಇಂಗ್ಲಿಷ್ ಶಾಲೆಯಲ್ಲಿದ್ದಾಳೆ, ಇನ್ನು ಊರಿಗೆ ಬುದ್ಧಿ ಹೇಳಲೇ? 2019ರಲ್ಲಿ ಆಂಧ್ರ ಸರ್ಕಾರ ತನ್ನ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಮಾಧ್ಯಮ ತರಲು ಆದೇಶ ಹೊರಡಿಸಿತು. 2020ರ ಏಪ್ರಿಲ್‌ನಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಕೋರ್ಟಿನಲ್ಲಿ ಏನೇ ಆಗಲಿ, ತಂದೆತಾಯಿಗಳ ಮನಸ್ಸು ಯಾವ ಕಡೆ ಹೋಗಿದೆ ಎಂದು ಊರೂರಿನ ಶಾಲೆ ವ್ಯಾನುಗಳು ಹೇಳುತ್ತವೆ.

ನಾನು ಹೇಳುವುದು ಇಷ್ಟೇ. ಕಟ್ಟು ಕಟ್ಟುವುದು ಮನೆಮಾತಿನಲ್ಲಿ ಆಗಲಿ. ಕನ್ನಡದ ಮಗುವಿಗೆ ಕನ್ನಡದಲ್ಲಿ, ತೆಲುಗಿನ ಮಗುವಿಗೆ ತೆಲುಗಿನಲ್ಲಿ. ಹೆಸರು ಆಮೇಲೆ ಬದಲಾಗಲಿ. ಪೊಟ್ಟಣದೊಳಗಿನ ಹತ್ತಕ್ಕೆ ಭಾಷೆಯಿಲ್ಲ. ಅದನ್ನು ಹತ್ತು ಅನ್ನಿ, ಪದಿ ಅನ್ನಿ, ಟೆನ್ ಅನ್ನಿ, ಬೀಜ ಒಂದೂ ಕಮ್ಮಿಯಾಗುವುದಿಲ್ಲ. ಆದರೆ ಕೈಗೆ ಕಟ್ಟೇ ಸಿಗದೆ ಬರೀ ಹೆಸರು ಬಾಯಿಪಾಠವಾದರೆ ಮೂರು ಭಾಷೆಯಲ್ಲಿ ಹೇಳಿದರೂ ಮಗುವಿಗೆ ಹದಿನಾರರ ಒಂದು ಒಂದಾಗಿಯೇ ಉಳಿಯುತ್ತದೆ. ನಮ್ಮ ಗಡಿ ಮಕ್ಕಳು ಮನೆಯಲ್ಲಿ ಒಂದು, ಅಂಗಡಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಹೆಸರು ಕೇಳುತ್ತವೆ. ಬುನಾದಿಯಿದ್ದರೆ ಅದು ವರ, ಇಲ್ಲದಿದ್ದರೆ ಹೊರೆ.

ಕೇಂದ್ರ ಸರ್ಕಾರ 2021ರಲ್ಲಿ ನಿಪುಣ್ ಭಾರತ್ ಎಂಬ ಯೋಜನೆ ತಂದಿತು. ಒಂದನೇ ತರಗತಿ ಮುಗಿಯುವಾಗ 99ರವರೆಗೆ, ಎರಡನೆಯದು ಮುಗಿಯುವಾಗ 999ರವರೆಗೆ, ಮೂರನೆಯದು ಮುಗಿಯುವಾಗ 9999ರವರೆಗೆ ಓದಿ ಬರೆಯಬೇಕೆಂಬುದು ಅದರ ಗುರಿ. 2026-27 ಅದಕ್ಕೆ ಗಡುವು. ಗುರಿ ಒಳ್ಳೆಯದೇ. ಆದರೆ ಓದಿ ಬರೆಯುವುದನ್ನೇ ಪರೀಕ್ಷೆ ಮಾಡಿದರೆ ನನ್ನ ಮೊಮ್ಮಗಳು 16ಕ್ಕೆ ಪೂರ್ತಿ ಅಂಕ ತೆಗೆಯುತ್ತಿದ್ದಳು. ಉಳಿದ ಒಂಬತ್ತು ಬೀಜ ಯಾರದೆಂದು ಕೇಳುವ ಪರೀಕ್ಷೆಯೂ ಇರಲಿ.

ಗಡಿ ದಾಟಿ ಒಳ್ಳೆಯದನ್ನು ತರುವುದು ನಮಗೆ ಹೊಸದಲ್ಲ. ಆಂಧ್ರದ ಮದನಪಲ್ಲಿ ಹತ್ತಿರದ ಋಷಿವ್ಯಾಲಿಯವರು ಹಳ್ಳಿ ಮಕ್ಕಳಿಗೆ ಕಾರ್ಡುಗಳ ಮೂಲಕ, ಅವರವರ ವೇಗಕ್ಕೆ ತಕ್ಕಂತೆ ಕಲಿಸುವ ಶಾಲೆ ನಡೆಸಿದರು. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಅದನ್ನು ನೋಡಿ ಹೋಗಿ ಶುರುಮಾಡಿದ್ದೇ ನಲಿ-ಕಲಿ. ಅದು ಆಮೇಲೆ ಕರ್ನಾಟಕಕ್ಕೆಲ್ಲ ಹಬ್ಬಿತು. ಆಂಧ್ರದಿಂದ ಹೋದದ್ದು ಕನ್ನಡದ ಸಾಮಗ್ರಿಯಾಗಿ ಆಂಧ್ರದ ಗಡಿಯ ಕನ್ನಡ ಮಕ್ಕಳಿಗೆ ವಾಪಸು ಬರಲಿ ಎಂದು ಕೇಳುವುದು ದೊಡ್ಡ ಬೇಡಿಕೆಯೇನಲ್ಲ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದವರಲ್ಲಿ ನನ್ನ ಅರಿಕೆ ಇದು: ಉತ್ಸವ, ಕವಿಗೋಷ್ಠಿ ಆಗಲಿ, ಕರೆದರೆ ನಾನೂ ಬಂದು ಪದ್ಯ ಓದುತ್ತೇನೆ. ಅದರ ಜೊತೆಗೆ ಗಡಿಯ ಒಂದೊಂದು ಕನ್ನಡ ಶಾಲೆಗೂ ಒಂದು ಲೆಕ್ಕದ ಪೆಟ್ಟಿಗೆ ಕೊಡಿ. ಸಂಖ್ಯೆಯ ಪಟ್ಟಿಗಳ ಮೇಲೆ ಕನ್ನಡ, ತೆಲುಗು, ಇಂಗ್ಲಿಷ್ ಮೂರೂ ಹೆಸರು ಅಚ್ಚಾಗಲಿ. ಒಂದು ಶಾಮಿಯಾನದ ಬಾಡಿಗೆಗಿಂತ ಹೆಚ್ಚು ಖರ್ಚು ಬರಲಾರದು.

ಸರ್ಕಾರ ಕೊಡುವವರೆಗೆ ಕಾಯಬೇಕಿಲ್ಲ. ರಾಗಿ ಅಳೆಯುವಾಗ ನಾವು ಈಗಲೂ ಮೊದಲ ಅಳತೆಗೆ ಒಂದು ಎನ್ನದೆ ಲಾಭ ಎನ್ನುತ್ತೇವೆ. ಕನ್ನಡದವರೂ ಹಾಗೆಯೇ, ತೆಲುಗಿನವರೂ ಹಾಗೆಯೇ. ಆ ಹೊತ್ತಿನಲ್ಲಿ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹತ್ತಾದಾಗ ಒಂದು ಕಲ್ಲು ಇಡು ಅನ್ನಿ. ಅಂಗಡಿಯವರು ಗಲ್ಲಾ ಎಣಿಸುವಾಗ ಹತ್ತರ ನೋಟುಗಳನ್ನು ಹತ್ತತ್ತಾಗಿ ಜೋಡಿಸಲು ಮಗುವಿಗೆ ಬಿಡಿ. ದಿನಕ್ಕೆ ಹತ್ತು ನಿಮಿಷ ಸಾಕು. ತಪ್ಪಿದರೆ ಬಯ್ಯಬೇಡಿ, ಕಟ್ಟು ಬಿಚ್ಚಿ ಮತ್ತೆ ಎಣಿಸಲಿ.

ರಜೆ ಮುಗಿಸಿ ಹೊರಟ ದಿನ ಮೊಮ್ಮಗಳು ಒಂದು ಚೀಲ, ಮೂರು ಪೊಟ್ಟಣ, ಏಳು ಬೀಜ ಕಟ್ಟಿಕೊಂಡಳು. ಎಷ್ಟಮ್ಮ ಅಂದೆ. "ನೂರ ಮೂವತ್ತೇಳು ತಾತ. ನಮ್ಮ ಮಿಸ್ಸಿಗೆ ತೋರಿಸ್ತೀನಿ" ಅಂದಳು. ಬಸ್ಸು ಬಂತು. ನಾನು ಕಿಟಕಿಯಿಂದ ಟವೆಲ್ ಎಸೆದೆ.

"ತಾತ, ಸೊನ್ನೆ ಹಾಕಿದೆ!" ಎಂದು ಕೂಗಿದಳು. ಬಸ್ಸಿನಲ್ಲಿದ್ದವರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.